ಸೋತ ಪಕ್ಷದ ಪರವಾಗಿ ಐದು ನಿಮಿಷ

ನಮ್ಮ ಕಾಲದ ಧಾರವಾಡದ ಚರ್ಚಾಸ್ಪರ್ಧೆಗಳಿಗೆ ಒಂದು ನಿಯಮವಿತ್ತು. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ಹರಿದು ಹಾಕುತ್ತೀರೋ ಅಷ್ಟು ಅಂಕ. ಆಮೇಲೆ ಇಬ್ಬರ ಅಂಕ ಕೂಡಿಸಿ, ಒಂದೇ ಶೀಲ್ಡನ್ನು ಇಬ್ಬರ ಕೈಗೂ ಕೊಟ್ಟು ಫೋಟೊ ತೆಗೆಯುತ್ತಿದ್ದರು. ಆಸ್ಟ್ರೇಲಿಯಾದವರಿಗೆ ಇದನ್ನು ವಿವರಿಸಿದರೆ ಅವರ ಹುಬ್ಬು ಮೇಲೇರುತ್ತದೆ. ಇಲ್ಲಿ ಒಂದು ತಂಡವೆಂದರೆ ಒಂದೇ ಪಕ್ಷ. ತಮ್ಮವನ ಮಾತನ್ನೇ ತಾವು ಕೆಡವಿ ಗೆಲ್ಲುವುದು ಅವರ ಲೆಕ್ಕದಲ್ಲಿ ಆಟವಲ್ಲ, ಸಂಸಾರ.

ನಮ್ಮ ಕಾಲೇಜಿನಿಂದ ಹೋಗುತ್ತಿದ್ದವರು ನಾನು ಮತ್ತು ನನ್ನೊಬ್ಬ ಗೆಳೆಯ. ಅವನು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ಈ ಹಂಚಿಕೆ ಮಾಡಿದವನು ಅವನೇ. "ನಿನ್ನ ಮಾರಿ ನೋಡಿದ್ರ ನೀ ಏನರೆ ಒಪ್ಪಾಕಿ ಅಂತ ಜಡ್ಜ್‌ಗೋಳಿಗೆ ನಂಬಿಕಿ ಬರೂದಿಲ್ಲ" ಎಂದಿದ್ದ. ಅವನ ದನಿಗೆ ಮೈಕ್ ಬೇಕಿರಲಿಲ್ಲ. ಮರಣದಂಡನೆಯ ಪರ, ಪರೀಕ್ಷೆಗಳ ಪರ, ಹಾಸ್ಟೆಲ್ಲಿನಲ್ಲಿ ಮೊಬೈಲ್ ನಿಷೇಧದ ಪರ ಅವನು ಮಾತಾಡಿದ್ದನ್ನು ಕೇಳಿದ್ದೇನೆ. ಮಾತು ಮುಗಿಸಿ ಕೆಳಗಿಳಿದು ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ಕಡಿಯುತ್ತ, ಈಗಷ್ಟೇ ತಾನು ಹೇಳಿದ್ದನ್ನೆಲ್ಲ ಬಾಯಿತುಂಬ ಬೈಯುತ್ತಿದ್ದ. ಪರ ಎಂಬುದು ಅವನಿಗೆ ನಾಟಕ ಕಂಪನಿಯ ಬಾಡಿಗೆ ಪೋಷಾಕು, ಆಟ ಮುಗಿದ ಮೇಲೆ ವಾಪಸು. ಹಾಗೆಂದು ನಾನು ನಂಬಿದ್ದೆ.

ಇಬ್ಬರೂ ಓದಲೆಂದು ಇಲ್ಲಿಗೆ ಬಂದೆವು. ನಾನು ಸಿಡ್ನಿ, ಅವನು ಮೆಲ್ಬರ್ನ್. ಕಾಯಂ ವಾಸದ ಪಿಆರ್ ಆಯಿತು. ನನಗೆ ಟೂಂಗಾಬಿಯಲ್ಲಿ ರೆಂಟು, ಅವನಿಗೆ ಕ್ರಾನ್‌ಬರ್ನಿನಲ್ಲಿ ಮನೆಸಾಲದ ಮಾರ್ಟ್‌ಗೇಜು. ವಾರಕ್ಕೊಮ್ಮೆ ಫೋನಿನಲ್ಲಿ ಜಗಳ ತಪ್ಪುತ್ತಿರಲಿಲ್ಲ. ಮ್ಯಾಕ್ವೆರಿ ಪಾರ್ಕಿನ ನನ್ನ ಆಫೀಸಿನಲ್ಲಿ ದಿನವಿಡೀ ಎಲ್ಲರೂ ಎಲ್ಲದಕ್ಕೂ 'ಗ್ರೇಟ್ ಪಾಯಿಂಟ್' ಎನ್ನುತ್ತಾರೆ. ಅಂಥ ಕಡೆ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ, ನೆಟ್ಟಗೆ ಜಗಳವಾಡುವ ಒಬ್ಬ ಮನುಷ್ಯ ಎಷ್ಟು ದೊಡ್ಡ ಆಸ್ತಿ ಎಂಬುದು.

ಕತೆ ಶುರುವಾಗಿದ್ದು ಎರಡೂ ಊರಿನ ಕನ್ನಡಿಗರು ಸೇರಿ ರಾಜ್ಯೋತ್ಸವಕ್ಕೆ ಇಟ್ಟ ಚರ್ಚಾಸ್ಪರ್ಧೆಯಿಂದ. ನಡೆಸಿದ್ದು ಮೆಲ್ಬರ್ನಿನ ಸಂಘ, ಅಂದರೆ ಅದರ ಹಿರಿಯ ಪದಾಧಿಕಾರಿಯಾದ ಬೆಳಗಾವಿ ಕಡೆಯ ಒಬ್ಬ ಎಂಜಿನಿಯರ್. ಅವರನ್ನು ನಾವೆಲ್ಲ ಅಂಕಲ್ ಎನ್ನುತ್ತೇವೆ. ನಿಯಮ ಧಾರವಾಡದ್ದೇ, ಒಂದು ಜೋಡಿಗೆ ಒಂದು ಪರ, ಒಂದು ವಿರೋಧ. ವಿಷಯ ಮಾತ್ರ ಅಂಕಲ್ ಸ್ಥಳೀಯ ಲೈಬ್ರರಿಯಿಂದ ಹೊತ್ತು ತಂದಿದ್ದರು. ಅಲ್ಲೊಂದು ಹಳೆಯ ಫೋಟೊಗಳ ಪ್ರದರ್ಶನವಂತೆ: ಎರಡು ಮಹಾಯುದ್ಧಗಳ ನಡುವೆ ಸಿಡ್ನಿಯಲ್ಲಿ ಎದ್ದು ಬಿದ್ದ ಒಂದು ಫ್ಯಾಸಿಸ್ಟ್ ಪಕ್ಷ, ಸಭಾಂಗಣದ ತುಂಬ ಕೋಟು ಟೈ ಹಾಕಿದ ಗಂಡಸರು, ಎಲ್ಲರ ಬಲಗೈಯೂ ಮೇಲಕ್ಕೆ. ಮಕ್ಕಳಿಗೆ ಈ ದೇಶದ ಇತಿಹಾಸ ತಿಳಿಯಲಿ ಎಂದು ಅಂಕಲ್ ವಿಷಯ ಇಟ್ಟರು: 'ಆ ಪಕ್ಷ ಗೆದ್ದಿದ್ದರೆ ಈ ದೇಶ ಇನ್ನೂ ಉದ್ಧಾರವಾಗುತ್ತಿತ್ತು.' ರಾಜಕೀಯ ಬೇಡ ಅಂಕಲ್ ಎಂದು ಯಾರೋ ಅಂದದ್ದಕ್ಕೆ, ಇದರಲ್ಲಿ ಇರುವವರೆಲ್ಲ ಬಿಳಿಯರು, ಅದೂ ಸತ್ತವರು, ಯಾರ ಮನಸ್ಸಿಗೂ ನೋವಾಗುವುದಿಲ್ಲ ಎಂದರಂತೆ.

ಪಕ್ಷದ ಹೆಸರು ನಾನು ಹೇಳುವುದಿಲ್ಲ. ಅಂಥವರಿಗೆ ಹೆಸರಿನ ಮೇಲೇ ಪ್ರಾಣ. ನಡೆದದ್ದಿಷ್ಟು. ಆಗ ಊರಿಗೆ ಊರೇ ಕೆಲಸವಿಲ್ಲದೆ ಕೂತಿತ್ತು. ರಾಜ್ಯದಲ್ಲಿ ಕಾರ್ಮಿಕರ ಪಕ್ಷದ ಸರ್ಕಾರ. ವಕೀಲರಿಗೆ, ಹಲ್ಲಿನ ಡಾಕ್ಟರುಗಳಿಗೆ, ಯುದ್ಧದಿಂದ ಮರಳಿದ ಆಫೀಸರುಗಳಿಗೆ ಒಂದು ಕನಸು ಬೀಳತೊಡಗಿತು: ನಾಳೆ ಬೆಳಗಾದರೆ ಕ್ರಾಂತಿ, ನಮ್ಮ ಹುಲ್ಲುಹಾಸಿನ ಮೇಲೆ ಕೆಂಪು ಬಾವುಟ. ಅದನ್ನು ತಡೆಯಲು ಪಡೆ ಕಟ್ಟಿದರು. ಊರನ್ನು ವಲಯಗಳಾಗಿ ಹಂಚಿ ಒಂದೊಂದಕ್ಕೂ ಒಬ್ಬೊಬ್ಬ ದಂಡನಾಯಕ. ಕ್ರಾಂತಿಯ ದಿನ ವಿದ್ಯುತ್ ಕೇಂದ್ರ ಯಾರು ನಡೆಸಬೇಕು, ಟ್ರಾಮ್ ಯಾರು ಓಡಿಸಬೇಕು ಎಂದೆಲ್ಲ ತಾಲೀಮು. ಎಲ್ಲ ಸಿದ್ಧವಾಯಿತು, ಕ್ರಾಂತಿಯೊಂದು ಬರಲಿಲ್ಲ. ಅಷ್ಟರಲ್ಲಿ ಗವರ್ನರ್ ಆ ಸರ್ಕಾರವನ್ನು ಒಂದು ಕಾಗದದಲ್ಲಿ ವಜಾ ಮಾಡಿದರು. ಬೈಯಲು ಶತ್ರುವೇ ಇಲ್ಲ. ದಂಡನಾಯಕರು ಒಬ್ಬೊಬ್ಬರೇ ತಮ್ಮ ಮನೆಯಂಗಳದ ಗುಲಾಬಿ ಗಿಡಗಳ ಕಡೆ ಹೊರಟರು. ಪಡೆ ಕಟ್ಟಿದ ನಾಯಕ ಮಾತ್ರ ಯುರೋಪಿಗೆ ಹೋಗಿ, ಅಲ್ಲಿನ ಸರ್ವಾಧಿಕಾರಿಗಳ ವೈಭವ ನೋಡಿ ಬಂದು, ಪಡೆಯನ್ನು ಪಕ್ಷ ಮಾಡಿ ಚುನಾವಣೆಗೆ ನಿಂತ. ಜನ ಓಟು ಹಾಕಲಿಲ್ಲ. ಮುಗಿಯಿತು.

ಆ ಪಕ್ಷ ಗೆದ್ದಿದ್ದರೆ ನಮ್ಮನ್ನು ಈ ನೆಲಕ್ಕೆ ಕಾಲಿಡಲು ಬಿಡುತ್ತಿರಲಿಲ್ಲ. ಸೋಲಿಸಿದವರೂ ಬಿಡುತ್ತಿರಲಿಲ್ಲ ಅನ್ನಿ. ನಮ್ಮ ಬಣ್ಣದವರನ್ನು ಬಂದರಿನಲ್ಲೇ ತಡೆಯುವ ಕಾನೂನು ಆಗ ಎಲ್ಲ ಪಕ್ಷಗಳಿಗೂ ಮನೆದೇವರು. ಅಂಥ ಪಕ್ಷ ಗೆಲ್ಲಬೇಕಿತ್ತು ಎಂದು ಕನ್ನಡದಲ್ಲಿ ವಾದಿಸಲು ಗೆಳೆಯ ಎದ್ದು ನಿಂತ.

ಅವನು ಆ ದಿನ ಮಾತಾಡಿದ ಹಾಗೆ ಧಾರವಾಡದಲ್ಲೂ ಮಾತಾಡಿರಲಿಲ್ಲ. ಹಸಿವು, ಬೀದಿಪಾಲಾದ ಸೈನಿಕರು, ಅಸೆಂಬ್ಲಿಯಲ್ಲಿ ಕೂಗಾಡುವ ರಾಜಕಾರಣಿಗಳು, ಎಲ್ಲವನ್ನೂ ಎಳೆ ಎಳೆಯಾಗಿ ಇಟ್ಟ. ಕೊನೆಗೆ ದನಿ ತಗ್ಗಿಸಿ, "ಸಾವಿರ ಬಾಯಿಗಳಿದ್ದರೆ ಅದು ಸಂತೆ. ಒಂದೇ ಬಾಯಿದ್ದರೆ ಅದು ದೇಶ" ಎಂದ. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಂತರ ನಾನು. ಹಲ್ಲಿನ ಡಾಕ್ಟರು ಟ್ರಾಮ್ ಓಡಿಸುವುದನ್ನು ವರ್ಣಿಸಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗೆಪಾಟಲಾದ ಪಕ್ಷ ಸೋಲದೆ ಇನ್ನೇನಾದೀತು ಎಂದು ಮುಗಿಸಿದೆ. ಶೀಲ್ಡ್ ನಮಗೇ ಬಂತು.

ಈಗ ಯೋಚಿಸಿದರೆ ನನ್ನ ವಾದ ಒಡಕಲು ಮಡಕೆ. ನಗೆಪಾಟಲಾಗುವುದು ಸೋಲಿಗೆ ಸಾಕಾಗುವುದಾದರೆ ಅದೇ ಕೈ, ಅದೇ ಸೆಲ್ಯೂಟು, ಅದೇ ಬೂಟು ಹೊತ್ತ ಯುರೋಪಿನವರು ಹೇಗೆ ಗೆದ್ದರು? ಅವರೇನು ಕಡಿಮೆ ತಮಾಷೆಯಾಗಿದ್ದರೇ? ಈ ಪ್ರಶ್ನೆ ಅಂದು ಯಾರೂ ಕೇಳಲಿಲ್ಲ, ನಗುತ್ತಿದ್ದರು.

ಮರುದಿನ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೊ ಬಂತು. ಗೆಳೆಯನ ಐದು ನಿಮಿಷ ಮಾತ್ರ. ವಿರೋಧದ ಐದು ನಿಮಿಷ ಇರಲಿಲ್ಲ. ನಾನು ಅಂಕಲ್‌ಗೆ ಫೋನ್ ಮಾಡಿ ಕೇಳಿದೆ. "ನಿಂದೂ ಛೊಲೊ ಇತ್ತವಾ, ಆದ್ರ ಭಾಳ ನಗಸ್ತದ. ಮಂದಿಗೆ ವಿಚಾರ ಬೇಕಲ್ಲ" ಎಂದರು. ಚರ್ಚಾಸ್ಪರ್ಧೆಯ ಅರ್ಧವನ್ನು ಕತ್ತರಿಸಿ ಹಂಚಿದರೆ ಅದು ಚರ್ಚೆಯಲ್ಲ, ಪ್ರಚಾರ ಎಂಬುದು ಅವರ ತಲೆಗೆ ಹೋಗಲಿಲ್ಲ. ಹೋಗಬೇಕಾದರೂ ಹೇಗೆ, ನಮ್ಮ ಊರಲ್ಲಿ ಶೀಲ್ಡ್ ಒಂದೇ ಆದರೂ ಪರದವನಿಗೆ ಬೇರೆ ಅಂಕ, ವಿರೋಧದವಳಿಗೆ ಬೇರೆ ಅಂಕ, ಒಂದೊಂದು ಭಾಷಣವೂ ಒಂದೊಂದು ಬಿಡಿ ಹಣ್ಣು.

ವಿಡಿಯೊ ಪರ್ತ್‌ವರೆಗೂ ಹೋಯಿತು. ಕೆಳಗೆ ಕೈ ಮುಗಿದ ಚಿಹ್ನೆಗಳ ಸಾಲು. ನಮ್ಮ ಸಂಘಕ್ಕೂ ಇಂಥವರು ಬೇಕು, ಶಿಸ್ತು ಎಂದರೆ ಇದು, ಈ ಹುಡುಗನನ್ನು ಬಿಡಬೇಡಿ. ಭಾಷಣ ಯಾವ ಪಕ್ಷದ ಬಗ್ಗೆ ಎಂದು ಯಾರೂ ಕೇಳಿರಲಿಲ್ಲ.

ಸಂಘದಲ್ಲಿ ಶಿಸ್ತಿಲ್ಲ ಎಂಬುದು ನಿಜವೇ. ಮೂರು ಗಂಟೆಯ ಕಾರ್ಯಕ್ರಮಕ್ಕೆ ಜನ ನಾಲ್ಕೂವರೆಗೆ ಬರುತ್ತಾರೆ, ಹೋಳಿಗೆಯ ಸಾಲಿನಲ್ಲಿ ನುಗ್ಗುತ್ತಾರೆ, ಅಂಗವಿಕಲರ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಎರಡೇ ನಿಮಿಷ ಎನ್ನುತ್ತಾರೆ. ಕೆಲವೇ ವಾರಗಳಲ್ಲಿ ಅಂಕಲ್ ಮತ್ತು ಅವರ ಬಳಗ 'ಶಿಸ್ತು ಪಡೆ' ಕಟ್ಟಿದರು. ಒಂದೇ ಬಣ್ಣದ ತೋಳಿಲ್ಲದ ಜಾಕೆಟ್ಟು ಬಂತು. ಮೆಲ್ಬರ್ನನ್ನು ಬಡಾವಣೆಗೆ ಒಂದರಂತೆ ವಲಯ ಮಾಡಿ, ವಲಯಕ್ಕೊಬ್ಬ ಇನ್‌ಚಾರ್ಜ್ ಆದ. ಆಮೇಲೆ ನೋಡಿದರೆ ಎಲ್ಲರೂ ಇನ್‌ಚಾರ್ಜ್‌ಗಳೇ, ಅಪ್ಪಣೆ ಪಾಲಿಸಲು ಯಾರೂ ಉಳಿದಿರಲಿಲ್ಲ. ವಾಟ್ಸಾಪಿನಲ್ಲಿ ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದಾಯಿತು. ಸಂಚಾಲಕನಾಗಿ ಗೆಳೆಯ.

ಸಿಡ್ನಿಯ ಫೋಟೊಗಳನ್ನು ನೋಡಿ ಅಂಕಲ್ ಕಲಿತಿದ್ದು ಇಷ್ಟು. ಆ ಫೋಟೊಗಳನ್ನು ಎಚ್ಚರಿಕೆಗೆಂದು ತೂಗುಹಾಕಿದ್ದರು. ಅಂಕಲ್ ಅವನ್ನು ನಕ್ಷೆಯೆಂದು ಓದಿಕೊಂಡು ಬಂದಿದ್ದರು.

ನಾನು ಫೋನಿನಲ್ಲಿ ಗೆಳೆಯನನ್ನು ಮನಸಾರೆ ಗೇಲಿ ಮಾಡಿದೆ. ಮೊದಲೆರಡು ವಾರ ಅವನೂ ನಕ್ಕ. ಮೂರನೆಯ ವಾರ, ಮಾಡಿ ನೋಡಿದವರಿಗೆ ಗೊತ್ತು ಎಂದ. ಆಮೇಲೆ ಫೋನು ಬಿಟ್ಟು ಬಿಟ್ಟು ಬರತೊಡಗಿತು.

ಯುಗಾದಿಯ ದಿನ ಪಡೆಯ ಮೊದಲ ಕಾರ್ಯಾಚರಣೆ. ಮೂರು ಗಂಟೆಗೆ ಸರಿಯಾಗಿ ಸಭಾಂಗಣದ ಬಾಗಿಲು ಹಾಕುವುದು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಹಾಕಿದರು. ಒಳಗೆ ಜಾಕೆಟ್ಟಿನ ಪಡೆ, ಖಾಲಿ ಕುರ್ಚಿಗಳು. ಹೊರಗೆ ಇಡೀ ಸಂಘ, ಅಂಕಲ್‌ರ ಹೆಂಡತಿ, ಪ್ರಾರ್ಥನೆ ಹಾಡಬೇಕಾದ ಮಕ್ಕಳು, ಬೇವು ಬೆಲ್ಲ, ಅಡಿಗೆಯ ವ್ಯಾನು. ಜನ ದಂಗೆಯೇಳಲಿಲ್ಲ. ಕಾರಿನ ಡಿಕ್ಕಿ ತೆಗೆದು ಚಾಪೆ ಹಾಸಿ ಪಾರ್ಕಿಂಗಿನಲ್ಲೇ ಊಟಕ್ಕೆ ಕೂತರು. ಗಾಜಿನ ಬಾಗಿಲಿನಾಚೆಯಿಂದ ಪಡೆ ಅದನ್ನು ನೋಡುತ್ತ ನಿಂತಿತ್ತಂತೆ. ಕೊನೆಗೆ ಹೊಟ್ಟೆ ಹಸಿದು ಪಡೆಯೇ ಬಾಗಿಲು ತೆರೆಯಿತು.

ಇದನ್ನು ಕೇಳಿ ನಾನು ಮೆಟ್ರೊದಲ್ಲಿ ಒಬ್ಬಳೇ ನಕ್ಕೆ, ಎದುರಿನವರು ಸೀಟು ಬದಲಿಸಿದರು. ಪಡೆ ಸತ್ತಿತು ಎಂದುಕೊಂಡೆ. ಮರುವಾರ ಸಂಘದ ವಾರ್ಷಿಕ ಸಭೆಯ ಸೂಚನೆ ಬಂತು. ಮುಂದಿನ ಐದು ವರ್ಷ ಚುನಾವಣೆ ಇಲ್ಲ. ಅಧ್ಯಕ್ಷರ ಆಯ್ಕೆ ಸರ್ವಾನುಮತದಿಂದ. ಅಧ್ಯಕ್ಷರ ತೀರ್ಮಾನವನ್ನು ಬಹಿರಂಗವಾಗಿ ಟೀಕಿಸಿದವರ ಸದಸ್ಯತ್ವ ಅಮಾನತು. ಅಧ್ಯಕ್ಷ ಸ್ಥಾನಕ್ಕೆ ಒಂದೇ ಹೆಸರು, ನನ್ನ ಗೆಳೆಯನದು.

ಸಂಘ ಹಾಳಾಗಿ ಹೋಗಲಿ. ನೂರಾರು ಜನ ಹೋಳಿಗೆ ತಿನ್ನಲು ಕೂಡುವ ಜಾಗಕ್ಕೆ ಸರ್ವಾಧಿಕಾರಿ ಬಂದರೆ ಹೋಳಿಗೆ ಚಪ್ಪಟೆಯಾಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅವನು. ಪೋಷಾಕು ಮೈಗೆ ಅಂಟಿಕೊಂಡಿತ್ತು. ಟಿಕೆಟ್ ಬುಕ್ ಮಾಡಿ ಸಭೆಯ ಹಿಂದಿನ ಸಂಜೆ ಮೆಲ್ಬರ್ನಿಗೆ ಹಾರಿದೆ.

ಅವನು ಏರ್‌ಪೋರ್ಟಿಗೆ ಬಂದಿದ್ದ, ಜಾಕೆಟ್ಟಿನಲ್ಲೇ. ಕ್ರಾನ್‌ಬರ್ನ್ ಊರಿನ ಇನ್ನೊಂದು ತುದಿ, ವಾದಕ್ಕೆ ಸಾಕಷ್ಟು ದಾರಿ. ಸಿಡ್ನಿಯ ಪಕ್ಷದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿದೆ: ಇಲ್ಲದ ಶತ್ರುವಿನ ಭಯ, ವಲಯ, ದಂಡನಾಯಕ, ಅಂಗಿ, ಆಮೇಲೆ ಬಾಯಿ ಮುಚ್ಚಿಸುವ ನಿಯಮ. ದಾರಿಯ ನಡುವಿನ ಡಾಂಡೆನಾಂಗ್ ದಾಟಿದ ಮೇಲೆ ಅವನು ಬಾಯಿಬಿಟ್ಟ.

"ನಮ್ಮ ಆಫೀಸಿನಾಗ ಸೋಮವಾರಕ್ಕೊಮ್ಮೆ ಮೀಟಿಂಗ್ ಇರ್ತದ. ನಾ ಬಾಯಿ ತಗದ ಕೂಡ್ಲೆ ಮ್ಯಾನೇಜರ್ ಏನಂತಾನ ಗೊತ್ತದೇನು? ಇದನ್ನ ಆಫ್‌ಲೈನ್ ಮಾತಾಡೂಣು ಅಂತಾನ. ಆಫ್‌ಲೈನ್ ಅಂದ್ರ ಯಾವಾಗ? ಯಾವಾಗೂ ಇಲ್ಲ. ಇಷ್ಟ ವರ್ಷ ಆತು, ಈ ದೇಶದಾಗ ನಾ ಮಾತಾಡಿದ್ದನ್ನ ಐದು ನಿಮಿಷ ಪೂರ್ತಿ ಯಾರೂ ಕೇಳಿದ್ದಿಲ್ಲ. ಅವತ್ತ ಹಾಲ್ ಎದ್ದು ನಿಂತ್ತು."

"ನೀ ಹೇಳಿದ್ದು ಸುಳ್ಳಿತ್ತಲ್ಲೋ."

"ಇತ್ತು. ಆದ್ರೂ ಎದ್ದು ನಿಂತ್ತು."

"ಅದಕ್ಕ ಸರ್ವಾಧಿಕಾರಿ ಆಗ್ತೀಯೇನು, ಆಫೀಸಿನಾಗ ಮಾತು ನಡಿಯೂದಿಲ್ಲ ಅಂತ?"

"ತಾಯಿ, ನೀ ಜಡ್ಜ್ ಮುಂದ ಇಲ್ಲ. ಸುಮ್ನ ಕೂಡು."

ಕಿಟಕಿಯ ಕಡೆ ತಿರುಗಿದೆ. ಆ ಕಪ್ಪು ಬಿಳುಪು ಫೋಟೊಗಳಲ್ಲಿ ಕೈ ಎತ್ತಿದವರನ್ನು ನಾನು ಹಲ್ಲಿನ ಡಾಕ್ಟರು ಎಂದು ನಗಿಸಿ ಮುಗಿಸಿದ್ದೆ. ಅವರಿಗೂ ಒಂದೊಂದು ಸೋಮವಾರ ಇದ್ದಿರಬಹುದು ಎಂದು ಮೊದಲ ಸಲ ಅನಿಸಿತು. ಹಾಗೆ ಅನಿಸಿದ್ದರಿಂದ ಅವರ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೇಸರಗೊಂಡ ಮನುಷ್ಯರು ಇಸ್ಪೀಟು ಆಡಬಹುದು, ತೋಟ ಮಾಡಬಹುದು. ಊರಿನ ಬಾಯಿಗೆ ಬೀಗ ಹಾಕುವುದೇ ಆಗಬೇಕೆ?

ಮರುದಿನ ಸಭೆ. ನಾನು ಸಿಡ್ನಿಯವಳು, ಮೆಲ್ಬರ್ನ್ ಸಂಘದ ಸದಸ್ಯೆಯಲ್ಲ, ಮಾತಿಗೂ ಓಟಿಗೂ ಹಕ್ಕಿಲ್ಲ. ಎರಡು ನಿಮಿಷ ಕೊಡಿ ಎಂದು ಅಂಕಲ್‌ರನ್ನು ಕೇಳಿದೆ. ನಿಯಮದಲ್ಲಿ ಇಲ್ಲವಾ ಎಂದು ಬಹಳ ಪ್ರೀತಿಯಿಂದ ಹೇಳಿ, ಚಹಾ ತರಿಸಿಕೊಟ್ಟು ಹಿಂದಿನ ಸಾಲಿನಲ್ಲಿ ಕೂರಿಸಿದರು. ನಮ್ಮವರ ಸಭೆಗಳಲ್ಲಿ ವಿರೋಧ ಯಾರಾದರೂ ಇದ್ದೀರಾ ಎಂದು ಕೇಳುವುದು ಮದುವೆಯಲ್ಲಿ ಇನ್ನೊಂದು ಹೋಳಿಗೆ ಬೇಕೇ ಎಂದು ಕೇಳಿದ ಹಾಗೆ. ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಹಿರಿಯರು ಇಟ್ಟ ಹೆಸರಿಗೆ ಎದುರು ಕೈ ಎತ್ತುವುದೆಂದರೆ ಹಿರಿಯರ ಮುಖಕ್ಕೇ ಕೈ ಎತ್ತಿದಂತೆ. ಆದ್ದರಿಂದ ಗೆಳೆಯನನ್ನು ತಡೆಯಬಲ್ಲವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಅಂಕಲ್ ಅವನನ್ನು ಎರಡು ಮಾತಾಡಲು ಕರೆದರು. ಅವನು ಎದ್ದು ಶುರುಮಾಡಿದ. ಶಿಸ್ತು, ಒಗ್ಗಟ್ಟು, ಒಂದೇ ದನಿ. ದನಿ ಅದೇ ಕಂಚಿನದು, ಆದರೆ ಏನೋ ಸಪ್ಪೆ. ಮಾತಿನ ನಡುವೆ ಒಂದೆರಡು ಸಲ ತಡೆದು ಸಭೆಯನ್ನು ನೋಡಿದ. ಜನ ಪ್ರಸನ್ನರಾಗಿ ಕೂತಿದ್ದರು. ಐದು ನಿಮಿಷಕ್ಕೆ ಮುಗಿಸಿದ. ಚಪ್ಪಾಳೆ ಬಿತ್ತು. ಅಂಕಲ್ ಮೈಕಿಗೆ ಕೈ ಚಾಚಿದರು. ಅವನು ಕೊಡಲಿಲ್ಲ.

"ಮಾನ್ಯ ಅಧ್ಯಕ್ಷರೇ, ಇಷ್ಟು ಹೊತ್ತು ವಿಷಯದ ಪರವಾಗಿ ಕೇಳಿದಿರಿ. ಇನ್ನು ವಿರೋಧ" ಎಂದ.

ಮೈಕಿನ ಆ ಬದಿಯಿಂದ ಈ ಬದಿಗೆ ಬಂದು ನಿಂತು, ಈಗಷ್ಟೇ ತಾನು ಹೇಳಿದ್ದನ್ನು ಒಂದೊಂದಾಗಿ ತೆಗೆದು ಒಗೆಯತೊಡಗಿದ. ಸಿಡ್ನಿಯ ಪಕ್ಷ ತಂದ, ವಲಯಗಳನ್ನು ತಂದ, ಯುಗಾದಿಯ ಬಾಗಿಲು ತಂದ. ಒಳಗೆ ನಿಂತ ಪಡೆಯವರೆಲ್ಲ ತನ್ನ ಬಾಯಿಯನ್ನೇ ನೋಡುತ್ತಿದ್ದರು, ಬಾಗಿಲು ತೆಗೆಯೋಣ ಎಂದು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ, ಎಲ್ಲರಿಗೂ ಹಸಿವಾಗಿತ್ತು ಎಂದ. ಟೀಕಿಸಿದವರನ್ನು ಅಮಾನತು ಮಾಡಿದರೆ ಕೊನೆಗೆ ಅಧ್ಯಕ್ಷನೊಬ್ಬನೇ ಸದಸ್ಯ ಎಂದಾಗ ನಗು ಎದ್ದಿತು. ನನ್ನ ಶೈಲಿಯಲ್ಲ ಅದು, ಅವನದೇ. ನಾನು ಹಿಂದಿನ ಸಾಲಿನಲ್ಲಿ ತಣ್ಣಗಾದ ಚಹಾ ಹಿಡಿದು ಕೂತಿದ್ದೆ. ಮೊದಲಿಗಿಂತ ಜೋರಾದ ಚಪ್ಪಾಳೆ ಬಿತ್ತು.

ಅಂಕಲ್ ಬೆವರುತ್ತ ನಿರ್ಣಯವನ್ನು ಮತಕ್ಕೆ ಹಾಕಿದರು. ಪರವಾಗಿರುವವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಉಸಿರು ಬಿಟ್ಟು, ಅಭ್ಯಾಸಬಲದಿಂದ, ವಿರೋಧ ಎಂದರು. ಎಲ್ಲರೂ ಎತ್ತಿದರು. ಅವೇ ಕೈಗಳು, ಅದೇ ಉತ್ಸಾಹ. ಜನ ಸ್ಪರ್ಧೆಗೆ ಅಂಕ ಕೊಡುತ್ತಿದ್ದರು. ಎರಡೂ ಭಾಷಣ ಚೆನ್ನಾಗಿದ್ದವು, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಪಾಪ ಹುಡುಗನಿಗೆ ಅನ್ಯಾಯ.

"ತಮ್ಮಾ, ಇದನ್ನ ಹೆಂಗ ಬರಕೊಳ್ಳೂದೋ?" ಎಂದು ಅಂಕಲ್ ಮೈಕಿನಲ್ಲೇ ಕೇಳಿದರು.

"ಮುಂದಕ್ಕ ಹಾಕ್ರಿ ಅಂಕಲ್. ನನ್ನ ಹೆಸರು ತಗೀರಿ" ಎಂದು ಅವನು ಜಾಕೆಟ್ಟು ಬಿಚ್ಚಿ ಕುರ್ಚಿಯ ಮೇಲಿಟ್ಟ.

ಸಭೆ ಊಟಕ್ಕೆ ಎದ್ದಿತು. ಪಡೆ ಮುಂದಿನ ತಿಂಗಳುಗಳಲ್ಲಿ ಸದ್ದಿಲ್ಲದೆ ಕರಗಿತು. ಯಾರೂ ಹೊಡೆದು ಬೀಳಿಸಲಿಲ್ಲ. ಒಬ್ಬ ಇನ್‌ಚಾರ್ಜ್ ಮಗಳ ಈಜಿನ ಕ್ಲಾಸು ಎಂದ, ಇನ್ನೊಬ್ಬ ಮನೆಯ ಹಿಂದೆ ಮರದ ಜಗಲಿ ಹಾಕಿಸಬೇಕು ಎಂದ. ಆ ವಿಡಿಯೊ ಮಾತ್ರ ಇನ್ನೂ ಸುತ್ತುತ್ತಿದೆ. ಮೊನ್ನೆ ಟೂಂಗಾಬಿಯ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದ ಆಂಟಿಯೊಬ್ಬರು ಅದನ್ನು ನನಗೇ ತೋರಿಸಿ, ನೋಡಮ್ಮ ಎಷ್ಟು ಚೆನ್ನಾಗಿ ಹೇಳ್ತಾನೆ ಅಂದರು. ಇದಕ್ಕೊಂದು ವಿರೋಧ ಇತ್ತು ಆಂಟಿ ಎಂದೆ. ಇರಲಿ ಬಿಡಮ್ಮ, ಅದ್ಯಾಕೆ ಈಗ ಎಂದರು. ನನ್ನ ನಗೆ ಎಷ್ಟು ದೂರ ಹೋಗುತ್ತದೆ ಎಂಬುದರ ಅಳತೆ ಆ ಅಂಗಡಿಯಲ್ಲಿ ಸಿಕ್ಕಿತು.

ಆ ಸಭೆಯ ನಂತರ ಅವನು ಬಹಳ ದಿನ ಫೋನ್ ಮಾಡಲಿಲ್ಲ. ಮಾಡಿದಾಗ ಮೊದಲು ಕೇಳಿದ್ದು ನಾನೇ, ಕಾರಿನಲ್ಲಿ ನಾನು ಹೇಳಿದ್ದು ತಟ್ಟಿತೇ ಎಂದು.

"ನಿನ್ನ ಮಾತು ಒಂದೂ ನೆನಪಿಲ್ಲ" ಎಂದ. "ಆ ದಿವಸ ಪರ ಮಾತಾಡಕ್ಕ ನಿಂತೆ. ಮಂದಿ ಮಾರಿ ನೋಡಿದೆ. ಅವರು ಕೇಳಲಿಕ್ಕತ್ತಿದ್ದಿಲ್ಲ. ಚಪ್ಪಾಳಿ ಯಾವಾಗ ಹೊಡಿಯೂದು ಅಂತ ಕಾಯಲಿಕ್ಕತ್ತಿದ್ರು. ನಮ್ಮ ಮ್ಯಾನೇಜರ್ ಆದ್ರೂ ವಾಸಿ, ಕೇಳೂದಿಲ್ಲ ಅಂತ ಗೊತ್ತಾಗೂ ಹಂಗ ಕೇಳೂದಿಲ್ಲ."

"ಮತ್ತ ಈಗ?"

"ಈಗೇನು, ಆಫ್‌ಲೈನ್."

ವಿರೋಧವಾಗಿ ಏನಾದರೂ ಹೇಳೋಣವೆಂದು ಹುಡುಕಿದೆ. ಸಿಗಲಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತೆಂದು ಅವನು ಓಡಿದ. ಫೋನ್ ಇಡಲಿಲ್ಲ. ಅವನು ಒಲೆ ಒರೆಸುವ ಸದ್ದು ಕೇಳುತ್ತ ನಾನು ಕಾದೆ.